ಮಾಸ್ಟರು ತೆಗೆಯುತ್ತಿದ್ದ ಎರಡನೆಯ ಅಳತೆ

ಟೈಲರ್ ಮಾಸ್ಟರ ಬಾಯಿಯ ಎಡಮೂಲೆಯಲ್ಲಿ ಯಾವಾಗಲೂ ಮೂರು ಗುಂಡುಸೂಜಿಗಳಿರುತ್ತಿದ್ದವು. ಮಾತನಾಡುವಾಗ ಅವು ತುಟಿಯ ಜೊತೆ ಮೇಲೆ ಕೆಳಗೆ ಆಡುತ್ತಿದ್ದವು, ಒಂದೂ ಬಿದ್ದದ್ದನ್ನು ನಾನು ಕಂಡಿಲ್ಲ. ಬಲಗೈಯ ಹೆಬ್ಬೆರಳು ಕತ್ತರಿ ಹಿಡಿದು ಹಿಡಿದು ಚಪ್ಪಟೆಯಾಗಿತ್ತು. ಉಗುರಿನೊಳಗೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ಇಳಿದು ನಿಂತಿತ್ತು.

ಮಕ್ಕಳೇ, ನೀವೂ ಅವರನ್ನು ನೋಡಿದ್ದೀರಿ. ನಿಮ್ಮ ಯೂನಿಫಾರ್ಮಿನ ಪ್ಯಾಂಟು ಗಿಡ್ಡವಾದಾಗಲೆಲ್ಲ ಮಡಿಕೆ ಬಿಚ್ಚಿ ಉದ್ದ ಮಾಡಿಕೊಟ್ಟವರು ಅವರೇ. ಆಗ ನಾವು ಈ ಕೊಲ್ಲಿ ದೇಶದಲ್ಲೇ, ಸತ್ವಾ ಬಡಾವಣೆಯಲ್ಲಿದ್ದೆವು. ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಿಮ್ಮ ಅಪ್ಪ ನನ್ನನ್ನು ಇಲ್ಲಿಗೆ ಕರೆತಂದಿದ್ದ. ಬೆಳಿಗ್ಗೆ ನೀವು ಊದ್ ಮೇಥಾದ ಶಾಲೆಗೆ, ಅಪ್ಪ ಅಮ್ಮ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಏಸಿಯ ಸದ್ದು ಮತ್ತು ನಾನು. ಅಂಗಡಿ ನಮ್ಮ ಕಟ್ಟಡದ ಕೆಳಗೇ ಇತ್ತು. ಒಮ್ಮೆ ನಿಮ್ಮ ಅಪ್ಪನ ಅಂಗಿ ಕೊಡಲು ಹೋದಾಗ ಮಾಸ್ಟರು ಅದರ ಗುಂಡಿಯ ಕಾಜವನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಮಿಷನ್ ಕಾಜ ಅಲ್ಲ. ಯಾರು ಮಾಡಿದ್ದು?"

ನಾನು ತಲೆ ತಗ್ಗಿಸಿ ನಿಂತೆ.

"ಮಾರಾಯ್ರೆ, ಈ ಕೈ ಇಟ್ಕೊಂಡು ಮನೇಲಿ ಎಂತ ಮಾಡ್ತೀರಿ? ಮಧ್ಯಾಹ್ನ ಬಂದು ಕೂತ್ಕೊಳ್ಳಿ ಅಕ್ಕ. ಮಾತಾಡ್ಬೇಕಂತ ಇಲ್ಲ."

ಆ ಕೊನೆಯ ಮಾತಿಗಾಗಿಯೇ ನಾನು ಹೋದೆ. ಅವರು ಭಟ್ಕಳದವರು, ಮನೆಯಲ್ಲಿ ನವಾಯತಿ ಮಾತು, ನನ್ನ ಹತ್ತಿರ ನಮ್ಮ ಕರಾವಳಿಯ ಕನ್ನಡ. ಅಳತೆ ತೆಗೆಯುವ ಜಾಗಕ್ಕೂ ಹೊಲಿಗೆಯ ಜಾಗಕ್ಕೂ ನಡುವೆ ಹಸಿರು ಪರದೆ. ಅದರ ಹಿಂದೆ ನನ್ನ ಸ್ಟೂಲು. ಎರಡು ಗಂಟೆಯ ಬಿಸಿಲು ಪರದೆಯೊಳಗಿಂದ ಬಂದು ನನ್ನ ಮಡಿಲಿನ ಬಟ್ಟೆಯನ್ನೆಲ್ಲ ಹಸಿರು ಮಾಡುತ್ತಿತ್ತು. ಇಸ್ತ್ರಿಯ ಹಬೆ ಏಳುತ್ತಿತ್ತು. ನೀರಿನೊಳಗೆ ಕೂತು ಹೊಲಿಯುತ್ತಿದ್ದೇನೆ, ದೇಶದೇಶದ ಗಂಡಸರ ದನಿಗಳು ನನ್ನ ತಲೆಯ ಮೇಲೆ ದೋಣಿಗಳ ಹಾಗೆ ಹೋಗುತ್ತಿವೆ ಎಂದು ಅನಿಸುತ್ತಿತ್ತು. ಅವರು ಹೋದ ಮೇಲೆ ಮಾಸ್ಟರು ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಐದನೇ ಕ್ಲಾಸು ಓದಿದ ನಾನು ಯುರೋಪು, ಅಮೆರಿಕದ ರಾಜಕೀಯ ಕಲಿತದ್ದು ಹಾಗೆ.

ಅವರು ಅಳತೆಯನ್ನು ಎರಡು ಸಲ ತೆಗೆಯುತ್ತಿದ್ದರು. ಮೊದಲನೆಯದಕ್ಕೆ ಗಿರಾಕಿ ಎದೆಯುಬ್ಬಿಸಿ, ಹೊಟ್ಟೆ ಒಳಗೆಳೆದು ನಿಲ್ಲುತ್ತಾನೆ. ಅದನ್ನು ಬರೆದುಕೊಂಡ ಹಾಗೆ ಮಾಡಿ ಮಾಸ್ಟರು ಕೇಳುತ್ತಿದ್ದರು: "ನಿಮ್ಮ ದೇಶದಲ್ಲಿ ಎಂತ ಸುದ್ದಿ ಸಾಹೇಬ್ರೇ?" ಸಾಹೇಬರು ಚುನಾವಣೆಯ ಮಾತು ಶುರುಮಾಡಿದರೆ ಮೈಮರೆಯುತ್ತಿದ್ದರು. ಒಬ್ಬರ ಹೆಗಲು ಇಳಿಯುತ್ತಿತ್ತು, ಒಬ್ಬರ ಕತ್ತು ಮುಂದೆ ಬರುತ್ತಿತ್ತು. ಆಗ ಟೇಪು ಸದ್ದಿಲ್ಲದೆ ಸುತ್ತುತ್ತಿತ್ತು. ಬಟ್ಟೆ ಕತ್ತರಿಸುತ್ತಿದ್ದದ್ದು ಆ ಎರಡನೆಯ ಅಳತೆಗೆ.

ಇಂಗ್ಲೆಂಡಿನವರು ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಮತ ಹಾಕಿ ಬಿಡುವುದೆಂದು ತೀರ್ಮಾನಿಸಿದ ವಾರ, ಬಂದವರೆಲ್ಲ "ಇದು ಹೇಗಾಯಿತು, ಯಾರೂ ಹೇಳಿರಲಿಲ್ಲವಲ್ಲ" ಎನ್ನುತ್ತಿದ್ದರಂತೆ. ಅದೇ ವರ್ಷ ಅಮೆರಿಕದಲ್ಲಿ, ಗೆಲ್ಲುವುದೇ ಇಲ್ಲ ಎಂದು ಪತ್ರಿಕೆಗಳು ಬರೆದಿದ್ದ ವ್ಯಾಪಾರಸ್ಥ ಗೆದ್ದಾಗಲೂ ಅದೇ ಮಾತು. ಮಾಸ್ಟರು ಮಾತ್ರ ನಕ್ಕರು.

"ಪೇಪರಿನವರು ಮೊದಲನೇ ಅಳತೆ ತಗೊಂಡು ಹೋದ್ರು ಅಕ್ಕ. ಕೇಳಿದಾಗ ಜನ ನೆಟ್ಟಗೆ ನಿಂತು ಒಳ್ಳೇ ಉತ್ತರ ಕೊಟ್ರು. ಮತ ಹಾಕ್ಲಿಕ್ಕೆ ಹೆಗಲು ಇಳಿಬಿಟ್ಟು ಹೋದ್ರು. ಅಲ್ಲಿ ಇದ್ದದ್ದು ಎರಡು ದೊಡ್ಡ ಪಕ್ಷ. ಕೋಟು ಎರಡರದ್ದೂ ಒಂದೇ ಸೈಜು, ಗುಂಡಿ ಮಾತ್ರ ಬೇರೆ. ಮೈಗೆ ಬಿಗಿ ಆಗ್ತದೆ ಅಂತ ಹೇಳಿದವನಿಗೆ, ನಿನ್ನ ಮೈಯೇ ಸರಿ ಇಲ್ಲ ಅಂದ್ರು. ಅವ ಎಷ್ಟು ವರ್ಷ ತಡೀತಾನೆ?"

"ಹಾಗಾದರೆ ಅವರು ಮಾಡಿದ್ದು ಸರಿಯಾ?" ಎಂದು ನಾನು ಕೇಳಿದೆ. ಅಷ್ಟು ಹೊತ್ತಿಗೆ ಮಾಸ್ಟರ ಹತ್ತಿರ ಮಾತ್ರ ನನಗೆ ಬಾಯಿ ಬಂದಿತ್ತು.

"ಸಿಟ್ಟು ಖರೆ, ತೋರಿಸುವ ಬೆರಳು ಖರೆ ಅಲ್ಲ. ನಮ್ಮಂಥ ಪರದೇಶಿಗಳಿಂದಲೇ ಎಲ್ಲಾ ಆದದ್ದು ಅಂತಾರೆ. ನನ್ನೆದುರು ನಿಂತಾಗ, ನಿನ್ನಂಥವರಲ್ಲ ಮಾಸ್ಟರ್, ಬೇರೆಯವರು ಅಂತಾರೆ. ಎದುರಿಗಿದ್ದವ ಯಾವಾಗಲೂ ಅಲ್ಲ, ನೋಡಿ!"

ಹಾಗೆ ಹೇಳುತ್ತಿದ್ದವರಲ್ಲಿ ಒಬ್ಬರು ಉದ್ದನೆಯ ಸಾಹೇಬರು. ಇಂಗ್ಲೆಂಡಿನ ಉತ್ತರದ ಯಾವುದೋ ಊರು. ಅವರಪ್ಪ ದುಡಿದ ಗಿರಣಿ ಮುಚ್ಚಿತ್ತು, ರೈಲು ನಿಂತಿತ್ತು, ಕೇಳುವವರಿರಲಿಲ್ಲ. ಸಾಹೇಬರು ಬಿಡಬೇಕು ಎಂದು ಮತ ಹಾಕಿದ್ದರು. ಒಬ್ಬಳೇ ಮಗಳು, ಯುರೋಪಿನ ಬೇರೆ ದೇಶದ ಹುಡುಗನನ್ನು ಮೆಚ್ಚಿದ್ದಳು. "ನನ್ನ ಬಾಳಿನ ವಿರುದ್ಧ ಮತ ಹಾಕಿದೆ" ಎಂದು ಅಪ್ಪನ ಜೊತೆ ಮಾತು ಬಿಟ್ಟಳು. ಕೆಲವು ವರ್ಷಗಳ ಮೇಲೆ ಮದುವೆಯ ಕಾರ್ಡು ಬಂತು. ಸಾಹೇಬರು ಬೂದುಬಣ್ಣದ ಕೋಟಿಗೆ ಅಳತೆ ಕೊಟ್ಟರು.

ಟ್ರಯಲ್ಲಿನ ದಿನ ಅವರು ಕೋಟನ್ನು ಹಾಕಿ ನೋಡಿ, ತೆಗೆದು ಮೇಜಿನ ಮೇಲಿಟ್ಟರು.

"ಖಲಾಸ್ ಮಾಸ್ಟರ್. ನಾನು ಹೋಗುವುದಿಲ್ಲ. ಕಾರ್ಡಿನಲ್ಲಿ ಅಚ್ಚಾದ ಅಕ್ಷರ ಮಾತ್ರ ಇದೆ. ಕೈಯಲ್ಲಿ ಬರೆದ ಒಂದು ಮಾತಿಲ್ಲ. ನಮ್ಮಲ್ಲಿ ಅಪ್ಪನೇ ಮಗಳ ಕೈಹಿಡಿದು ಕರೆದುಕೊಂಡು ಹೋಗಬೇಕು. ಅದನ್ನು ಅವಳು ಕೇಳಿಲ್ಲ. ಕೇಳಲಿ, ಹೋಗುತ್ತೇನೆ."

ಮಾಸ್ಟರು ಬಾಯಿಯಿಂದ ಸೂಜಿಗಳನ್ನು ತೆಗೆದರು. ಆಮೇಲೆ ಪರದೆಯನ್ನೇ ಸರಿಸಿಬಿಟ್ಟರು.

"ಅಕ್ಕ, ನಿಮ್ಮ ಸೋದರಮಾವನ ಕತೆ ಹೇಳಿ ಇವರಿಗೆ."

ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಪರಗಂಡಸು, ಅದರ ಮೇಲೆ ಸಾಹೇಬರು. ಸೆರಗನ್ನು ಬಿಗಿಯಾಗಿ ಹಿಡಿದು ನೆಲ ನೋಡುತ್ತ ಹೇಳಿದೆ. ಮಾಸ್ಟರು ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಿರುಗಿಸುತ್ತ ಹೋದರು.

ನಿಮಗೂ ನಾನಿದನ್ನು ಹೇಳಿಲ್ಲ, ಒಮ್ಮೆ ಮಾಸ್ಟರ ಹತ್ತಿರ ಮಾತ್ರ ಅರ್ಧಂಬರ್ಧ ಹೇಳಿದ್ದೆ. ನನ್ನ ಮದುವೆಯ ವರ್ಷ ಊರಲ್ಲಿ ಪಂಚಾಯತಿ ಚುನಾವಣೆ. ನನ್ನಪ್ಪ ಒಂದು ಕಡೆ, ಅಮ್ಮನ ಅಣ್ಣ ಇನ್ನೊಂದು ಕಡೆ. ಮಾತು ಮಾತಿಗೆ ಬೆಳೆದು ಹೋಗಿಬರುವುದು ನಿಂತಿತು. ಮದುಮಗಳನ್ನು ಸೋದರಮಾವ ಕೈಹಿಡಿದು ಮಂಟಪಕ್ಕೆ ತರಬೇಕಲ್ಲ. ಅಪ್ಪ ಒಮ್ಮೆ ವೀಳ್ಯ ಇಟ್ಟು ಬಂದಿದ್ದರು, ಅದು ಸಾಕು ಎಂದರು. ಮಾವ, ಬೇಕಿದ್ದರೆ ಇನ್ನೊಮ್ಮೆ ಕರೆಯಲಿ ಎಂದರು. ಮುಹೂರ್ತ ಮೀರುತ್ತದೆಂದು ಪಕ್ಕದ ಮನೆಯವರೊಬ್ಬರು ನನ್ನ ಕೈಹಿಡಿದು ಕರೆತಂದರು. ಆಮೇಲೆ ಮಾವನ ಹೆಂಡತಿ ಹೇಳಿದರು: ಆ ದಿನ ಮಾವ ಬೆಳಿಗ್ಗೆಯೇ ಮಿಂದು, ಹೊಸ ಪಂಚೆ ಉಟ್ಟು, ಜಗಲಿಯಲ್ಲಿ ಕೂತಿದ್ದರಂತೆ. ಯಾರಾದರೂ ಬರುತ್ತಾರೆಂದು ದಾರಿ ನೋಡುತ್ತ ಮಧ್ಯಾಹ್ನದ ತನಕ ಕೂತಿದ್ದರಂತೆ.

"ಚುನಾವಣೆಯಲ್ಲಿ ಗೆದ್ದದ್ದು ಯಾರು?" ಎಂದು ಸಾಹೇಬರು ಕೇಳಿದರು.

ನಾನು ಯೋಚಿಸಿದೆ. ನಿಜವಾಗಿಯೂ ನೆನಪಿಗೆ ಬರಲಿಲ್ಲ. "ಗೊತ್ತಿಲ್ಲ" ಎಂದೆ. "ಪಕ್ಕದ ಮನೆಯವರ ಅಂಗೈ ಬೆವತಿತ್ತು. ಅದು ಗೊತ್ತು."

ಮಾಸ್ಟರು ಅದನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಹೊರಗೆ ಧೂಳಿನ ಗಾಳಿ, ರಸ್ತೆಯೆಲ್ಲ ಹಾಲಿನಲ್ಲಿ ಅದ್ದಿದ ಹಾಗಿತ್ತು. ಇಳಿಹೊತ್ತಿನ ಅಸರ್ ನಮಾಜಿನ ಕರೆ ಆ ಬಿಳುಪಿನೊಳಗಿಂದ ತೇಲಿ ಬಂತು. ಸಾಹೇಬರು ಕೋಟನ್ನು ಮತ್ತೆ ತೊಟ್ಟು ಕನ್ನಡಿಯ ಎದುರು ನಿಂತರು.

"ಗುರುವಾರಕ್ಕೆ ಸಿಗುತ್ತದಾ?"

"ಯಲ್ಲಾ, ಸಿಗ್ತದೆ, ಅಕ್ಕನ ಕಾಜ ಒಂದೇ ಬಾಕಿ," ಎಂದರು ಮಾಸ್ಟರು. ಸಾಹೇಬರು ಹೋದ ಮೇಲೆ ನನ್ನ ಕಡೆ ತಿರುಗಿ, "ಇಷ್ಟು ಮಾತು ಹೊಟ್ಟೇಲಿಟ್ಟುಕೊಂಡು ಆರು ವರ್ಷ ಪರದೆ ಹಿಂದೆ ಸುಮ್ಮನೆ ಕೂತಿದ್ರಲ್ಲ, ಭಾರೀ ಜನ ನೀವು!" ಎಂದು ಗದರಿದರು.

ಸಾಹೇಬರು ಗುರುವಾರ ಕೋಟು ಒಯ್ದರು. ಮದುವೆಗೆ ಹೋದರೋ ಇಲ್ಲವೋ ತಿಳಿಯಲಿಲ್ಲ. ಮಾಸ್ಟರು ದಿನಾ ಬಾಗಿಲ ಕಡೆ ನೋಡುತ್ತಿದ್ದರು. "ಹೋಗಿರ್ತಾರೆ ಅಲ್ವಾ ಅಕ್ಕ?" ಎಂದು ನನ್ನನ್ನೇ ಕೇಳುತ್ತಿದ್ದರು. ಅಷ್ಟರಲ್ಲಿ ಅವರ ಎದೆಯ ಕಾಯಿಲೆ ಹೆಚ್ಚಾಯಿತು. ವೀಸಾ ಮುಗಿಸಿ ಭಟ್ಕಳಕ್ಕೆ ಹೊರಟರು. ಒಂದೇ ತಿಂಗಳಲ್ಲಿ ಸುದ್ದಿ ಬಂತು. ಆ ದಿನ ನಾನು ಅಳಲಿಲ್ಲ. ಬಿಸಿಲು ಪರದೆಗೆ ಬೀಳುವುದನ್ನು ನೋಡುತ್ತ ಕೂತಿದ್ದೆ.

ಅಂಗಡಿ ಬೇರೆಯವರ ಕೈಗೆ ಹೋಯಿತು, ನನ್ನ ಸ್ಟೂಲು ಅಲ್ಲೇ ಇತ್ತು. ಒಂದು ಮಧ್ಯಾಹ್ನ ಪರದೆಯ ಆಚೆ "ಮಾಸ್ಟರ್?" ಎಂಬ ದನಿ. ಹೊಸಬರು ಮಸೀದಿಗೆ ಹೋಗಿದ್ದರು. ನಾನೇ ಎದ್ದು, ನಾನೇ ಪರದೆ ಸರಿಸಿ ಹೊರಗೆ ಬಂದೆ. ನೀವು ನನಗೆ ಕನ್ನಡದಲ್ಲಿ ಉತ್ತರ ಕೊಡುವುದಿಲ್ಲವೆಂದು ಎಷ್ಟು ಬೈದಿದ್ದೆ! ನಿಮ್ಮಿಂದ ಕಿವಿಗೆ ಬಿದ್ದ ಇಂಗ್ಲಿಷು ಆ ದಿನ ಬೇಕಾಯಿತು. "ಮಾಸ್ಟರ್ ಇಲ್ಲ, ಊರಲ್ಲಿ ತೀರಿಕೊಂಡರು" ಎಂದೆ.

ಆ ಉದ್ದನೆಯ ಸಾಹೇಬರು ಮೇಜಿಗೆ ಕೈಯೂರಿದರು. ಮತ್ತೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಬೂದುಬಣ್ಣದ ಕೋಟು, ಅದರ ತೋಳನ್ನು ಹಿಡಿದಿದ್ದ ಮಗಳ ಬಿಳಿ ಕೈಗವಸಿನ ಕೈ. ಮಾಸ್ಟರಿಗೆ ತೋರಿಸಬೇಕೆಂದು ಬಂದಿದ್ದರಂತೆ.

ನಾನು ಧೈರ್ಯ ಮಾಡಿ ಕೇಳಿದೆ, "ಈಗ ಜಗಳ ಇಲ್ಲವಾ?"

"ಇದೆ," ಎಂದರು. "ಮತದ ವಿಷಯದಲ್ಲಿ ಅವಳೂ ಬದಲಾಗಿಲ್ಲ, ನಾನೂ ಬದಲಾಗಿಲ್ಲ. ಈಗ ಪ್ರತಿ ಭಾನುವಾರ ಫೋನು ಮಾಡಿ ಒಂದು ಗಂಟೆ ಜಗಳ ಮಾಡುತ್ತೇವೆ."

ಇದನ್ನು ಕೇಳಿದ್ದರೆ ಮಾಸ್ಟರು ಎಷ್ಟು ನಗುತ್ತಿದ್ದರು. ನನಗೂ ನಗು ಬಂತು, ಆ ನಗುವಿನ ನಡುವೆಯೇ ಅಷ್ಟು ದಿನ ಬಾರದಿದ್ದ ಅಳು ಬಂತು. ಮುಖ ಮುಚ್ಚಿಕೊಳ್ಳಲು ಪರದೆಯ ಹಿಂದೆ ಓಡಿಹೋಗಲಿಲ್ಲ. ಅಲ್ಲೇ, ಅವರ ಎದುರಿಗೇ ಅತ್ತೆ.