ಹಸಿರು ಗಂಟು

ರಸ್ತೆ ಅಗಲ ಮಾಡುವವರು ಇಳಕಲ್ಲಿನ ನಮ್ಮ ಬಟ್ಟೆ ಅಂಗಡಿಯ ಮುಂದಿನ ಕಟ್ಟೆಗೆ ಗುರುತು ಹಾಕಿ, ಸೋಮವಾರ ಒಡೀತೀವಿ ಅಂದರು. ಕಟ್ಟೆ ನಮ್ಮದೇ ಜಾಗದಲ್ಲಿದೆ ಅಂತ ತೋರಿಸಲು, ಅದನ್ನು ಕಟ್ಟಿಸಿದ ವರ್ಷದ ಅಳತೆ ನಕಾಶೆ ಬೇಕಿತ್ತು. ಅದಕ್ಕಾಗಿ, ರಸ್ತೆ ಅಗಲವಾಗುವ ಸುದ್ದಿ ಬಂದಾಗಲೇ ಹಾಕಿದ್ದ ಮಾಹಿತಿ ಹಕ್ಕಿನ ಅರ್ಜಿಗೆ ಮೂವತ್ತು ದಿನ ಕಾಯಿಸಿ 'ಕಡತ ಲಭ್ಯವಿಲ್ಲ' ಅಂತ ಒಂದೇ ಸಾಲಿನ ಉತ್ತರ ಬಂದಿತ್ತು. ಶುಕ್ರವಾರ ನಾನೇ ನಗರಸಭೆ ಕಚೇರಿಗೆ ಹೋದೆ.

ಗುಮಾಸ್ತರು ದಾಖಲೆ ಕೋಣೆ ತೆರೆದು ತೋರಿಸಿದರು. ಸೂರಿನವರೆಗೂ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳು.

"ಮ್ಯಾಲಿನ ಚೀಟಿ ಎಲ್ಲಾ ಇಲಿ ತಿಂದಾವ್ರಿ ಸಾವ್ಕಾರ್ರ. ಯಾವ ವರ್ಷದ್ದು ಎಲ್ಲೈತಿ ಅಂತ ಹೆಂಗ ಹೇಳ್ಲಿ?"

ಮೂಲೆಯಲ್ಲಿ ನಾಲ್ಕು ಹಸಿರು ಗಂಟು ಕಂಡವು.

"ಅವನ್ನ ಬಿಚ್ಚರಿ."

"ಅವೇ ಯಾಕ್ರಿ?"

"ಈ ಕಚೇರಿಗೆ ಗಂಟಿನ ಬಟ್ಟಿ ಕೊಡ್ತಿದ್ದಾಂವ ನಮ್ಮಪ್ಪ. ಕಟ್ಟಿ ಕಟ್ಟಿಸಿದ ವರ್ಷ ಕೆಂಪು ಬಟ್ಟಿ ಬರ್ಲಿಲ್ಲ, ಹಸಿರು ಕೊಟ್ಟಿದ್ವಿ."

ಎರಡನೇ ಗಂಟಿನಲ್ಲೇ ನಕಾಶೆ ಸಿಕ್ಕಿತು. ಮೊಹರು ಹಾಕಿದ ಅದರ ನಕಲು ನೋಡಿ, ಸೋಮವಾರ ಬಂದವರು ಕಟ್ಟೆ ಬಿಟ್ಟು ಮುಂದಕ್ಕೆ ಹೋದರು.

ಆ ಶುಕ್ರವಾರ ನಾನು ನಕಲು ಹಿಡಿದು ಹೊರಟಾಗ ಗುಮಾಸ್ತರು ಹಸಿರು ಬಟ್ಟೆಯ ವರ್ಷ ಬರೆದುಕೊಂಡು, ಕುರ್ಚಿ ಎಳೆದು ಹಾಕಿ, ಚಹಾ ತರಿಸಿದರು.

"ಇನ್ನೂ ಭಾಳ ಮಂದಿ ಅರ್ಜಿ ಬಾಕಿ ಅದಾವ್ರಿ. ಉಳಿದ ವರ್ಷದ ಬಟ್ಟಿದು ಏನರ ನೆನಪೈತೇನ್ರಿ?"

"ಅರ್ಜಿ ಕೊಡ್ರಿ. ಮೂವತ್ತು ದಿನದಾಗ ತಿಳಸ್ತೇನಿ."

ಅವರು ಅದನ್ನೂ ಬರೆದುಕೊಂಡರು.