ಮಗ್ಗದ ಸದ್ದಿನ ಮರೆಯಲ್ಲಿ

ನಿನ್ನೆ ಬೆಳಿಗ್ಗೆ ಚಟ್ನಿಗೆ ಕಾಯಿ, ಹುರಿಗಡಲೆ ಹಾಕಿ ಮಿಕ್ಸಿ ತಿರುಗಿಸಿದೆ ನೋಡಿ, ಅದು ಗರ್ರೆಂದದ್ದೇ ತಡ, ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. "ಅವ್ವಾ, ಕಾಯಿ ಕೆಟ್ಟಿರ್ಲಿಲ್ಲ, ನಿನ್ನ ದಯೆ. ಮಂಡಿ ನೋವು ಸ್ವಲ್ಪ ವಾಸಿ, ನಿನ್ನ ದಯೆ. ನಲ್ಲೀಲಿ ನೀರು..." ಅಷ್ಟರಲ್ಲಿ ಚಟ್ನಿ ನುಣ್ಣಗಾಗಿ ಮಿಕ್ಸಿ ನಿಲ್ಲಿಸಿದೆ. ಬಾಯಿ ಮಾತ್ರ ನಿಲ್ಲಲಿಲ್ಲ. "ಬಂತು!" ಎಂಬುದು ಖಾಲಿ ಅಡುಗೆಮನೆಯಲ್ಲಿ ಹರಾಜು ಕೂಗಿದ ಹಾಗೆ ಕೇಳಿಸಿತು. ಹೊಸಕೋಟೆಯ ಮಗಳು ತಂದುಕೊಟ್ಟ ಈ ಮಿಕ್ಸಿ ಮನೆಗೆ ಬಂದು ವರ್ಷವಾಗಿಲ್ಲ. ಆದರೂ ಅದರ ಸದ್ದು ನನ್ನ ಬಾಯಿಗೆ ಹಳೆಯ ನೆಂಟನಂತೆ. ಯಾಕೆ ಹೀಗೆ ಎಂದು ಹೇಳಬೇಕಾದರೆ ನಿಮ್ಮನ್ನು ದೊಡ್ಡಬಳ್ಳಾಪುರದ ನಮ್ಮ ಹಳೆಯ ಮನೆಗೆ ಕರೆದುಕೊಂಡು ಹೋಗಬೇಕು. ಬನ್ನಿ, ಆದರೆ ಅಲ್ಲಿ ಸ್ವಲ್ಪ ಜೋರಾಗಿ ಮಾತಾಡಬೇಕಾಗುತ್ತದೆ.

ಆ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಬೇರೆಯವರು ನಡುಮನೆ ಎಂದು ಕರೆಯುವ ಜಾಗದಲ್ಲಿ ನಮ್ಮ ಮಗ್ಗಗಳು, ಉಳಿದ ಮೂಲೆಮುಡುಕುಗಳಲ್ಲಿ ನಾವು. ಮದುವೆಯಾಗಿ ಬಂದ ಹೊಸದರಲ್ಲಿ ಆ ಖಟಖಟಕ್ಕೆ ನನಗೆ ತಲೆ ಸುತ್ತುತ್ತಿತ್ತು. ಕೆಲವು ವರ್ಷ ಕಳೆದ ಮೇಲೆ, ಕರೆಂಟು ಹೋಗಿ ಮಗ್ಗ ನಿಂತರೆ ತಲೆ ಸುತ್ತತೊಡಗಿತು. ನಮ್ಮ ಯಜಮಾನರೂ ನಾನೂ ಹಗಲಲ್ಲಿ ಬಾಯಿಂದ ಆಡಿದ ಮಾತು ಕಡಿಮೆ. ಊಟಕ್ಕೆ ಏಳಿ ಎನ್ನುವುದಕ್ಕೆ ಒಂದು ಸನ್ನೆ, ನೆಂಟರು ಬಂದರು ಎನ್ನುವುದಕ್ಕೆ ಒಂದು ಸನ್ನೆ, ಬಂದ ನೆಂಟರು ಇವತ್ತು ಹೋಗುವ ಹಾಗೆ ಕಾಣುವುದಿಲ್ಲ ಎನ್ನುವುದಕ್ಕೂ ಒಂದು ಸನ್ನೆ. ಸನ್ನೆಗೆ ಸಿಗದ ವಿಷಯವಿದ್ದರೆ ಕಿವಿಯ ಹತ್ತಿರ ಹೋಗಿ ಕೂಗುವುದು. ನಮ್ಮ ಕಡೆಯ ನೇಕಾರರನ್ನು ಬೆಂಗಳೂರಿನ ಬಸ್ಸಿನಲ್ಲಿ ಗುರುತು ಹಿಡಿಯುವುದು ಸುಲಭ. ಪಕ್ಕದಲ್ಲಿ ಕೂತವರ ಹತ್ತಿರವೂ ಕೆರೆಯ ಆಚೆ ದಡದವರ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಾರೆ. ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಇವರು, "ಹುಡುಗ ಪರವಾಗಿಲ್ಲ ಕಣೇ, ಕಿವಿ ಮಾತ್ರ ಅಗಲ" ಎಂದು ನನಗೆ ಗುಟ್ಟಾಗಿ ಹೇಳಿದ್ದು ಬಂದಿದ್ದ ಅಷ್ಟೂ ಜನಕ್ಕೆ ಕೇಳಿಸಿತ್ತು. ಪುಣ್ಯಕ್ಕೆ ಹುಡುಗ ನಕ್ಕ. ಅದೂ ಅವ್ವನ ದಯೆ.

ಅವ್ವ ಎಂದರೆ ನಮ್ಮ ಕುಲದೇವತೆ ಚೌಡೇಶ್ವರಿ. ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುವುದು ನನ್ನ ಕೆಲಸವಾಗಿತ್ತು. ಸುತ್ತುವ ಮಿಷನ್ನಿನ ಮೇಲುಗಡೆ ಗೋಡೆಯಲ್ಲಿ ಅವ್ವನ ಪಟ. ಕೈ ನೂಲಿನ ಮೇಲೆ, ಕಣ್ಣು ಅವ್ವನ ಮೇಲೆ. ಬಾಯಿ ಬಿಡುವಾಗಿರುತ್ತಿತ್ತು. ಮೊದಮೊದಲು ಸ್ತೋತ್ರ ಹೇಳುತ್ತಿದ್ದೆ. ನನಗೆ ಬರುತ್ತಿದ್ದ ಸ್ತೋತ್ರ ಬೇಗ ಮುಗಿಯುತ್ತಿತ್ತು, ಕಂಡಿಕೆ ಮುಗಿಯುತ್ತಿರಲಿಲ್ಲ. ಹಾಗಾಗಿ ಮಾತಿಗೆ ಇಳಿದೆ, ಅದೂ ಗಟ್ಟಿಯಾಗಿ. ಹಾಲು ಒಡೆಯದೆ ಉಳಿದದ್ದು, ಸೀಮೆಎಣ್ಣೆ ಸಿಕ್ಕಿದ್ದು, ಮಗಳ ಜ್ವರ ಇಳಿದದ್ದು, ಒಂದೊಂದಕ್ಕೂ 'ನಿನ್ನ ದಯೆ'. ಅದರ ಬೆನ್ನಿಗೆ ದೂರು: ಅತ್ತೆ ಅಂದದ್ದು, ವಾರಗಿತ್ತಿ ಅನ್ನದೆ ಮುಖ ತಿರುಗಿಸಿದ್ದು, ಇವರ ಮುಂಗೋಪ. ಎರಡು ಮಾರು ಆಚೆ ಇವರು ಮಗ್ಗದ ಮುಂದೆ ನಿಂತಿರುತ್ತಿದ್ದರು. ಒಂದಕ್ಷರ ಕೇಳಿಸುವ ಹಾಗಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಅವ್ವನಿಗಂತೂ ಕೇಳಿಸುತ್ತದೆ ಎಂಬ ಧೈರ್ಯ. ದೇವರಲ್ಲಿ ಮನಸ್ಸಿನಲ್ಲೇ ಬೇಡಿಕೊಂಡೆ ಎಂದು ಜನ ಹೇಳುತ್ತಾರಲ್ಲ, ಆ ಅಭ್ಯಾಸವೇ ನನಗೆ ಹತ್ತಲಿಲ್ಲ.

ಇವರ ಕಾಲಿನ ನರಗಳು ಗಂಟುಗಂಟಾಗಿ ಹಸಿರುಗಟ್ಟಿ, ಕಣಕಾಲಿನ ಮೇಲೆ ಒಂದು ಹುಣ್ಣು ಎದ್ದು ಒಣಗದೇ ಹೋದಾಗ ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು. "ನಿಂತು ನಿಂತೇ ಹೀಗಾಗಿರೋದು ಯಜಮಾನ್ರೇ. ಇನ್ನೂ ಮಗ್ಗದ ಮುಂದೆ ನಿಲ್ತೀನಿ ಅಂದ್ರೆ ಕಾಲಿನ ಆಸೆ ಬಿಡ್ಬೇಕಾಗುತ್ತೆ." ಮಗ್ಗಗಳನ್ನು ಮೈದುನನಿಗೆ ಒಪ್ಪಿಸಿ, ಊರಾಚೆ ಹೊಸ ಬಡಾವಣೆಯಲ್ಲಿ ಕಟ್ಟಿಸಿದ್ದ ಪುಟ್ಟ ಮನೆಗೆ ನಾವಿಬ್ಬರೂ ಬಂದೆವು. ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿ ನೋಡಲು ಟೀವಿ ಇದ್ದವರ ಮನೆಯಲ್ಲಿ ಇಡೀ ಬೀದಿಯೇ ಕೂರುತ್ತಿದ್ದ ಕಾಲ ಅದು. ಸರ್ಕಾರಿ ನೌಕರರಿಗಾದರೆ ರಿಟೈರ್ ಆಗುವ ದಿನ ಹಾರ, ಶಾಲು, ಭಾಷಣ, ಪೇಪರ್ ತಟ್ಟೆಯಲ್ಲಿ ಖಾರಾಬೂಂದಿ ಇರುತ್ತದೆ. ನೇಕಾರ ಸ್ವಿಚ್ಚು ಆರಿಸಿದರೆ ಅಲ್ಲಿಗೆ ಮುಗಿಯಿತು.

ಹೊಸ ಮನೆಯಲ್ಲಿ ಎಷ್ಟು ಮೌನವೆಂದರೆ ಮಧ್ಯಾಹ್ನದ ಹೊತ್ತು ಎದುರಿನ ಖಾಲಿ ಸೈಟಿನಲ್ಲಿ ಹಸು ಹುಲ್ಲು ಕೀಳುವುದು ಕೇಳಿಸುತ್ತಿತ್ತು. ಇವರಿಗೆ ಕೂತಲ್ಲಿ ಕೂರಲಾಗದು. ಕಾಲನ್ನು ಸ್ಟೂಲಿನ ಮೇಲಿಡಿ ಎಂದರೆ ಕಾಲನ್ನಿಟ್ಟು, ಮರುಗಳಿಗೆಯಲ್ಲಿ ಸ್ಟೂಲನ್ನೇ ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋಗುತ್ತಿದ್ದರು. ಹೊತ್ತು ಕಳೆಯಲೆಂದು ಗುಲಾಬಿ ಕಡ್ಡಿ ನೆಟ್ಟರು. ಬೇರು ಬಿಟ್ಟಿದೆಯೋ ಎಂದು ದಿನಾ ಕಿತ್ತು ನೋಡಿ ಅದನ್ನು ಸಾಯಿಸಿದರು. ರೇಡಿಯೋ ಬಿಚ್ಚಿದರು. ಮತ್ತೆ ಮುಚ್ಚಿದಾಗ ಹೊರಗೆ ತಿರುಪುಗಳು ಉಳಿದವು, ಒಳಗೆ ಹಾಡು ಉಳಿಯಲಿಲ್ಲ. ಕೊನೆಗೆ ನನ್ನ ಅಡುಗೆಮನೆಗೆ ಬಂದರು. ಒಗ್ಗರಣೆ ಹಾಕುವಾಗ ನನ್ನ ಬೆನ್ನ ಹಿಂದೆ ನಿಂತು, ಎಲ್ಲಿ ಎಳೆ ಕಡಿಯುತ್ತದೋ ಎಂಬ ಹಾಗೆ ಬಾಣಲೆಯನ್ನೇ ನೋಡುತ್ತಿದ್ದರು.

"ಏನ್ರೀ ನೋಡ್ತಿದೀರಾ?"

"ಏನಿಲ್ಲ, ನೀನು ಮಾಡು."

"ನೀವು ಹಿಂದೆ ನಿಂತ್ರೆ ನನ್ನ ಕೈ ಓಡಲ್ಲ."

"ಸಾಸಿವೆ ಸಿಡೀತು ನೋಡು, ಕರಿಬೇವು ಹಾಕೇ!"

ನಾನೂ ಏನು ನೆಮ್ಮದಿಯಾಗಿದ್ದೆ ಎಂದುಕೊಳ್ಳಬೇಡಿ. ಕಂಡಿಕೆ ಇಲ್ಲದ ಕೈಗಳು ಸುಮ್ಮನೆ ಸೆರಗಿನ ತುದಿಯನ್ನು ಸುತ್ತುತ್ತಿದ್ದವು. ಅದಕ್ಕೇ ಹತ್ತಿ ತಂದು ದೀಪದ ಬತ್ತಿ ಹೊಸೆಯಲು ಕೂತೆ. ಅದೊಂದು ನನ್ನದೇ ಸುಖವಾಗಿತ್ತು. ಮೂರನೆಯ ದಿನ ಇವರು ಎದುರಿಗೆ ಬಂದು ಕೂತು, ಒಂದಿಷ್ಟು ಹತ್ತಿ ಎಳೆದುಕೊಂಡರು. ಏನು ಬೆರಳು ಅಂತೀರಿ! ಎಲ್ಲಾ ಬತ್ತಿಗಳೂ ಒಂದೇ ಅಳತೆ, ಒಂದೇ ಬಿಗಿ. ಆಮೇಲೆ ನನ್ನ ಬತ್ತಿಗಳನ್ನು ಬೆಳಕಿಗೆ ಹಿಡಿದು, "ಒಂದು ದಪ್ಪ, ಒಂದು ಸಣ್ಣ. ಅವ್ವನಿಗೆ ಸೆಕೆಂಡ್ಸ್ ಮಾಲು ಕೊಡ್ತೀಯಲ್ಲೇ" ಎಂದು ಬೇರೆ ಮಾಡಿಟ್ಟರು. ಅವತ್ತು ನನಗೆ ಬಂದ ಸಿಟ್ಟು, ಅತ್ತೆಯ ಕಾಲದಲ್ಲೂ ಬಂದಿರಲಿಲ್ಲ.

ಹಾಗಾಗಿ ಇವರು ಕ್ಷೌರಕ್ಕೋ ಸೊಪ್ಪಿಗೋ ಹೊರಗೆ ಹೋದರೆ ನನಗೆ ಹಬ್ಬ. ಬಾಗಿಲು ಹಾಕಿಕೊಂಡು ಅವ್ವನ ಮುಂದೆ ಕೂರುತ್ತಿದ್ದೆ. ಗಟ್ಟಿಯಾಗಿ ಹೇಳುವ ರೂಢಿ ತಾನೇ, ಹಾಗೇ ಹೇಳುತ್ತಿದ್ದೆ. "ಬಿಸಿಲು ಬಂತು, ಹಪ್ಪಳ ಒಣಗ್ತು, ನಿನ್ನ ದಯೆ. ಇವರು ಹೊರಗೆ ಹೋದ್ರು, ನನ್ನ ಮನೆ ನನಗೆ ಸಿಕ್ತು, ಅದಂತೂ ದೊಡ್ಡ ದಯೆ ಕಣವ್ವಾ. ದಿನಾ ಒಂದು ಗಂಟೆ ಇವರನ್ನ ಹೀಗೇ ಹೊರಗೆ ಕಳಿಸ್ತಾ ಇರು."

ಅವ್ವ ಕೇಳಿಸಿಕೊಂಡಳೆಂದೇ ನಾನು ತಿಳಿದೆ. ಯಾಕೆಂದರೆ ಕೆಲವೇ ದಿನದಲ್ಲಿ ಇವರು ಬೆಳಿಗ್ಗೆ ತಿಂಡಿ ತಿಂದವರೇ ಚಪ್ಪಲಿ ಮೆಟ್ಟಿಕೊಂಡು ಹೊರಡತೊಡಗಿದರು. "ಎಲ್ಲಿಗೆ?" ಎಂದರೆ "ಹೀಗೇ, ತಮ್ಮನ ಮನೆ ಕಡೆ. ಊಟಕ್ಕೆ ಕಾಯ್ಬೇಡ." ಬರುತ್ತಿದ್ದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಮೊದಲ ದಿನಗಳಲ್ಲಿ ನನ್ನ ಸಂಭ್ರಮ ನೋಡಬೇಕಿತ್ತು. ಡಬ್ಬಗಳನ್ನೆಲ್ಲ ನನ್ನ ಇಷ್ಟದ ಸಾಲಿಗೆ ತಂದೆ. ದಪ್ಪ ಬತ್ತಿ, ಸಣ್ಣ ಬತ್ತಿ ಮನಸೋ ಇಚ್ಛೆ ಹೊಸೆದೆ. ಅವ್ವನಿಗೆ ಹೇಳಿದ್ದೇ ಹೇಳಿದ್ದು. ಆಮೇಲೆ ಹಗಲು ಉದ್ದವಾಯಿತು. ಗುಡಿಸಿದ ಮನೆಯನ್ನೇ ಮತ್ತೆ ಗುಡಿಸುವುದು, ಬಾಗಿಲಿಗೆ ಹೋಗುವುದು, ಬರುವುದು. ಇಷ್ಟು ದಯೆ ಬೇಕಿರಲಿಲ್ಲವೇನೋ ಎಂದು ಒಳಗೇ ಏನೋ ಕೊರೆಯುತ್ತಿತ್ತು. ಕೇಳಿ ಪಡೆದದ್ದನ್ನು ಹಿಂದಕ್ಕೆ ಕೊಡುವುದು ಹೇಗೆ ಎಂದು ತಿಳಿಯದೆ ಸುಮ್ಮನಿದ್ದೆ.

ಒಂದು ಸಂಜೆ ಇವರು ಕಾಫಿ ಕುಡಿಯುತ್ತಿದ್ದಾಗ ನೋಡಿದೆ, ಹುಬ್ಬಿನ ಕೂದಲಲ್ಲಿ ಕುಂಕುಮ ಬಣ್ಣದ ನೂಲಿನ ಧೂಳು. ಕಿವಿಯ ಕೂದಲಲ್ಲೂ ಇತ್ತು. ಮಗ್ಗದ ಮನೆಗೆ ಸುಮ್ಮನೆ ಹೋಗಿ ಬಂದವರ ಬಟ್ಟೆಗೆ ಅಷ್ಟಿಷ್ಟು ಧೂಳು ಹತ್ತುತ್ತದೆ, ಹುಬ್ಬಿನಲ್ಲಿ ಕೂರುವುದಿಲ್ಲ. ದಿನವಿಡೀ ಓಡುವ ಮಗ್ಗದ ಮೇಲೆ ಬಗ್ಗಿದವರ ಹುಬ್ಬಿನಲ್ಲಿ ಮಾತ್ರ ಅದು ಹಾಗೆ ಕೂರುತ್ತದೆ. ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಮರುದಿನ ಇವರು ಹೋದ ಮೇಲೆ ಪಕ್ಕದ ಮನೆಯ ಷಮೀಮ ಕಾಂಪೌಂಡಿನ ಮೇಲೆ ಮೊಣಕೈ ಊರಿ ಕರೆದಳು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಅವಳ ಗಂಡನಿಗೆ ಗುಮಾಸ್ತೆ ಕೆಲಸ. ಮನೆಯಲ್ಲಿ ಉರ್ದು, ನನ್ನ ಹತ್ತಿರ ಕನ್ನಡ, ಎರಡರಲ್ಲೂ ಬಾಯಿ ಚುರುಕು.

"ಅಕ್ಕಾ, ಅಣ್ಣ ಮತ್ತೆ ಕೆಲ್ಸಕ್ಕೆ ಸೇರ್ಕೊಂಡ್ರಾ? ಬಸ್‌ಸ್ಟ್ಯಾಂಡ್ ಹಿಂದೆ ಯಾರ್ದೋ ಶೆಡ್ಡಲ್ಲಿ ಮಗ್ಗದ್ ಮುಂದೆ ನಿಂತಿದ್ರಂತೆ. ನಮ್ಮೆಜಮಾನ್ರು ನೋಡಿದ್ರು."

ಅವಳು ಸ್ವಲ್ಪ ಹೊತ್ತು ಬಳೆ ತಿರುಗಿಸಿದಳು.

"ಇನ್ನೊಂದ್ ಮಾತು. ಕೋಪ ಮಾಡ್ಕೋಬೇಡಿ. ನೀವು ದೇವ್ರ ಹತ್ರ ಮಾತಾಡ್ತೀರಲ್ಲ, ಅದು ನಮ್ಮನೆಗೆ ಪೂರಾ ಕೇಳ್ಸುತ್ತೆ. ಮೊದ್ಲು ನಾನು ನಿಮ್ಮನೆಗೆ ಯಾರೋ ಕಿವುಡಜ್ಜಿ ಬಂದವ್ರೆ ಅಂದ್ಕೊಂಡಿದ್ದೆ."

"ಅಯ್ಯೋ, ಪೂರಾನಾ?"

"ಪೂರಾ ಅಕ್ಕಾ. ಅವತ್ತೊಂದಿನ ಅಣ್ಣ ಸೊಪ್ಪು ತಗೊಂಡು ವಾಪಸ್ ಬಂದ್ರು. ಗೇಟ್ ಹತ್ರ ನಿಂತ್ಬಿಟ್ರು. ನೀವು ಒಳಗೆ 'ಇವರು ಹೋದ್ರು, ದೊಡ್ಡ ದಯೆ' ಅಂತಿದ್ರಿ. ಸೊಪ್ಪಿನ ಚೀಲ ಗೇಟಿಗೆ ತಗಲಾಕಿ ಹಂಗೇ ತಿರುಗಿ ಹೋದ್ರು. ಮಾರ್ನೇ ದಿನದಿಂದ್ಲೇ ಬೆಳಿಗ್ಗೆ ಹೋಗೋದು ಶುರು ಮಾಡಿದ್ದು."

ಗೇಟಿಗೆ ನೇತು ಹಾಕಿದ್ದ ದಂಟಿನ ಸೊಪ್ಪು ನನಗೆ ನೆನಪಿತ್ತು. ಅದಕ್ಕೂ ಅವ್ವನಿಗೆ ವಂದನೆ ಹೇಳಿದ್ದೆ, ಬಾಡಿರಲಿಲ್ಲ ಎಂದು.

ಆ ದಿನ ನಾನು ಅವ್ವನ ಮುಂದೆ ಕೂತು ಬಾಯಿ ಮುಚ್ಚಿಕೊಂಡು ಬೇಡಿಕೊಳ್ಳಲು ನೋಡಿದೆ. ಆಗಲೇ ಇಲ್ಲ. ಮನಸ್ಸಿನಲ್ಲಿ ಒಂದು ಮಾತು ಎತ್ತಿದರೆ ಒಲೆಯ ಮೇಲಿನ ಬೇಳೆ ನೆನಪಾಗುತ್ತದೆ, ಇನ್ನೊಂದು ಎತ್ತಿದರೆ ಒಣಹಾಕಿದ ಬಟ್ಟೆ. ಎದ್ದೆ, ಕೂತೆ, ಬಾಗಿಲಿಗೆ ಹೋದೆ. ಇವರ ಕಾಲು ಉಳಿಸು ಎಂದು ಅವ್ವನನ್ನು ಕೇಳಬಹುದು, ಸರಿ. ಆದರೆ ಇವರನ್ನು ಆ ಶೆಡ್ಡಿಗೆ ಅಟ್ಟಿದ್ದು ನನ್ನ ಮಾತು. ಆ ಮಾತನ್ನು ಕಿತ್ತುಹಾಕುವುದು ಅವ್ವನ ಕೆಲಸವಲ್ಲ, ಇವರ ಎದುರಿಗೆ ನಿಂತು ನಾನೇ ಮಾಡಬೇಕಾದದ್ದು. ಎದುರಿಗೆ ನಿಂತು ಮಾತಾಡಿ ನಮಗೆ ಅಭ್ಯಾಸವೆಲ್ಲಿತ್ತು?

ಸಂಜೆ ಇವರು ಬಂದು ಜಗುಲಿಯ ಮೇಲೆ ಕೂತರು. ನಾನು ಹೋಗಿ ನಿಂತೆ.

"ಕಾಲು ತೋರ್ಸಿ."

"ಏನಾಗಿದೆ ಕಾಲಿಗೆ?"

"ತೋರ್ಸಿ ಅಂದೆ!"

ಪಂಚೆ ಎತ್ತಿದೆ. ಪಟ್ಟಿ ಒದ್ದೆಯಾಗಿತ್ತು. ನಾನು ಮೆತ್ತಗೆ ಮಾತಾಡಬೇಕೆಂದು ಬೆಳಗಿನಿಂದ ಅಂದುಕೊಂಡಿದ್ದೆಲ್ಲ ಹಾರಿಹೋಗಿ, ಬಂದದ್ದು ಹಳೆಯ ಮನೆಯ ದನಿಯೇ.

"ಯಾರನ್ನ ಕೇಳಿ ಮಗ್ಗದ ಮುಂದೆ ನಿಂತ್ರಿ?"

"ನಿನ್ನ ಅವ್ವನ್ನ ಕೇಳು. ಅವಳೇ ಅಲ್ವಾ ನನ್ನ ಹೊರಗೆ ಕಳಿಸ್ತಿರೋದು? ದಿನಾ ಅವಳಿಗೆ ವಂದನೆ ಹೇಳ್ತಿದ್ದೆಯಲ್ಲ."

"ಅವ್ವನ ಹತ್ರ ಆಡಿದ್ದನ್ನ ನೀವ್ಯಾಕೆ ಕದ್ದು ಕೇಳಿದ್ರಿ?"

"ಕದ್ದು ಕೇಳೋದಾ! ಬೀದಿ ತುದೀಲಿ ತರಕಾರಿ ಗಾಡಿಯವನಿಗೆ ಕೇಳ್ತಿತ್ತು ಕಣೇ!"

ಇಬ್ಬರಿಗೂ ಉಸಿರು ಸಾಲದಾಯಿತು. ಇವರು ಪಂಚೆಯನ್ನು ಇಳಿಬಿಟ್ಟುಕೊಂಡರು. ಆಮೇಲೆ ಬಂದ ದನಿ ಬೇರೆ. ಇಷ್ಟು ವರ್ಷದಲ್ಲಿ ಇವರ ಗಂಟಲಿನಲ್ಲಿ ಅಂಥದೊಂದು ದನಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ.

"ನಾನಿದ್ರೆ ನಿನ್ನ ಮನೆ ನಿನಗೆ ಸಿಗಲ್ಲ ಅಂದೆ. ನನಗೆ ಮಾತ್ರ ಎಲ್ಲಿ ಸಿಕ್ತು ಮನೆ? ಅಲ್ಲಿ ನನಗೆ ಅಂತ ನಿಲ್ಲೋಕೆ ಒಂದು ಜಾಗ ಇತ್ತು. ಇಲ್ಲಿ ಎಲ್ಲಿ ನಿಂತ್ರೂ ನಿನಗೆ ಅಡ್ಡ."

ಇದಕ್ಕೆ ನಾನು ಏನಾದರೂ ಒಳ್ಳೆಯ ಮಾತು ಹೇಳಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ.

"ನಾನು ಕೇಳಿದ್ದು ಒಂದು ಗಂಟೆ ರೀ. ಬೆಳಗಿಂದ ಸಂಜೆವರೆಗೂ ಅಲ್ಲ. ನಿಮ್ಮ ಕಾಲನ್ನಂತೂ ನಾನು ಕೇಳ್ಲೇ ಇಲ್ಲ."

ಇವರು ತಲೆ ಎತ್ತಿ ನೋಡಿದರು. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ, "ಮಧ್ಯೆ ಬಾಯಿ ಹಾಕಿದ್ಲು ಅಂತ ಬೇಜಾರ್ ಮಾಡ್ಕೋಬೇಡಿ ಅಣ್ಣಾ, ಒಂದು ಗಂಟೆ ಅಂದ್ರೆ ನ್ಯಾಯ! ಒಪ್ಕೊಂಡ್ಬಿಡಿ!" ಎಂದು ಷಮೀಮಳ ದನಿ ಬಂತು. ಮೊದಲು ನಕ್ಕದ್ದು ಇವರು. ಕಣ್ಣೊರೆಸಿಕೊಂಡು, "ಯಾವ ಶಿಫ್ಟು?" ಎಂದರು.

"ತಿಂಡಿ ಆದ್ಮೇಲೆ."

ಮಾರನೆಯ ದಿನ ಇವರು ಶೆಡ್ಡಿನ ಯಜಮಾನನಿಗೆ ಬರುವುದಿಲ್ಲವೆಂದು ಹೇಳಿ ಬಂದು, ಸ್ಟೂಲಿನ ಮೇಲೆ ಕಾಲಿಟ್ಟು ಕೂತರು. ಆ ಹುಣ್ಣು ಒಣಗಲು ತಿಂಗಳುಗಳೇ ಹಿಡಿದವು. ಪಟ್ಟಿ ಬದಲಿಸುವಾಗ ಮಾತಾಡದೆ ಇರಲಾಗುತ್ತದೆಯೇ? ಮೊದಲು ನೋವಿನ ಮಾತು, ಆಮೇಲೆ ಉಳಿದದ್ದು. ಇವರಿಗೆ ಕತ್ತಲೆಂದರೆ ಚಿಕ್ಕಂದಿನಿಂದ ಭಯ, ನಾನು ಮಾಡುವ ಉಪ್ಪಿಟ್ಟು ಎಂದೂ ಇಷ್ಟವಿರಲಿಲ್ಲ ಎಂಬಂಥ ವಿಷಯಗಳು ಮೊಮ್ಮಕ್ಕಳಾದ ಮೇಲೆ ನನಗೆ ತಿಳಿದವು.

ಆ ಒಂದು ಗಂಟೆಯ ಕರಾರು ಈಗಲೂ ನಡೆದಿದೆ. ತಿಂಡಿಯಾದ ಮೇಲೆ ಇವರು ಪೇಪರು ಹಿಡಿದು ಬೀದಿ ಮೂಲೆಯ ಅರಳಿಕಟ್ಟೆಗೆ ಹೋಗುತ್ತಾರೆ, ನಾನು ಅವ್ವನ ಮುಂದೆ ಕೂರುತ್ತೇನೆ. ಆದರೆ ಏನಾಗಿದೆ ನೋಡಿ, ದೂರುಗಳೆಲ್ಲ ಆ ಸಂಜೆಯಿಂದ ನೇರವಾಗಿ ಇವರ ಮುಖಕ್ಕೇ ಹೋಗುವುದನ್ನು ಕಲಿತುಬಿಟ್ಟಿವೆ. ಅವ್ವನ ಪಾಲಿಗೆ ಉಳಿದದ್ದು ಬರೀ ದಯೆಯ ಲೆಕ್ಕ. ಅದು ಎಷ್ಟೇ ಇದ್ದರೂ ಬೇಗ ಮುಗಿಯುತ್ತದೆ. ದೂರಿನಷ್ಟು ಬೆಳೆಸಲು ಬರುವುದಿಲ್ಲ. ನಿನ್ನೆಯೂ ಹಾಗೇ ಮುಗಿಯಿತು. ಎದ್ದೆ, ಕೂತೆ, ಒರೆಸಿದ್ದನ್ನೇ ಒರೆಸಿದೆ. ಕಿಟಕಿಯಲ್ಲಿ ನೋಡಿದರೆ ಇವರು ಆಗಲೇ ಬಂದು ಗೇಟಿನ ಹೊರಗೆ, ಪೇಪರು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಾರೆ. ಶಿಫ್ಟು ಮುಗಿಯದೆ ಒಳಗೆ ಬರುವ ಜನವಲ್ಲ.

"ನಿಂತ್ಕೋಬೇಡಿ, ಬನ್ನಿ ಒಳಗೆ" ಎಂದೆ.

"ಇನ್ನೂ ಹೊತ್ತಿದೆಯಲ್ಲೇ. ಅವ್ವನಿಗೆ ಹೇಳೋದು ಮುಗೀತಾ?"

"ಅವ್ವನಿಗೆ ಹೇಳೋದು ಮುಗೀತು. ನಿಮಗೆ ಹೇಳೋದಿದೆ."