ಆಯುಧಪೂಜೆಯ ಉಗಿಬಂಡಿ

ಅಜ್ಜಂಪುರದ ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಕತ್ತಿ, ಕುಡುಗೋಲು, ಹೊಲಿಗೆ ಮಿಷನ್ನಿನ ಜೊತೆ ಒಂದು ಆಟದ ರೈಲಿಗೂ ಕುಂಕುಮ ಇಡುತ್ತೇವೆ. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ತಾತನಿಗೆ, ವರ್ಗವಾಗಿ ಹೊರಟ ಸಾಹೇಬರೊಬ್ಬರು ಕೊಟ್ಟುಹೋದದ್ದು. ಹಿತ್ತಾಳೆಯ ಎಂಜಿನ್, ಹಿಂದೆ ಎರಡು ಡಬ್ಬಿ. ಕೀಲಿ ತಿರುಗಿಸಿದರೆ ಓಡುವಂಥದ್ದಲ್ಲ. ಹೊಟ್ಟೆಗೆ ನೀರು ತುಂಬಿ, ಕೆಳಗಿನ ಪುಟ್ಟ ದೀಪಕ್ಕೆ ಸ್ಪಿರಿಟ್ ಹಾಕಿ ಹಚ್ಚಬೇಕು. ನೀರು ಕುದಿದು ಉಗಿ ಕಟ್ಟಿದರೆ ಅಂಗಳದ ಹಳಿಯ ಮೇಲೆ ಸುತ್ತು ಹೊಡೆಯುತ್ತದೆ. ಪೂಜೆಯಾದ ಮೇಲೆ ಅದು ಓಡಲೇಬೇಕು. ತಾತನ ನಂತರ ಅಪ್ಪ ಓಡಿಸುತ್ತಿದ್ದರು.

ಅಪ್ಪ ತೀರಿಕೊಂಡ ವರ್ಷ ಹಬ್ಬ ಮಾಡಲಿಲ್ಲ. ಮರುವರ್ಷ ನಾನಿರುವ ತರೀಕೆರೆಯಿಂದ ಹಬ್ಬಕ್ಕೆಂದು ಬಸ್ಸು ಹತ್ತಿದೆ. ಇನ್ನು ಓಡಿಸಬೇಕಾದವಳು ನಾನು.

“ಬರೀ ಪೂಜೆ ಮಾಡಿ ಎತ್ತಿಟ್ಬಿಡಣ ಅಮ್ಮ” ಎಂದೆ. “ಕಡೂರಿನ ಚಿಕ್ಕಪ್ಪನೂ ಷೋಕೇಸಲ್ಲಿಡಿ ಅಂತಾರೆ.”

“ನಿಮ್ಮಪ್ಪಂಗೂ ಭಯ ಇತ್ತು ಕಣೇ. ಅವತ್ತು ಬೆಳಿಗ್ಗೆಯಿಂದ ತುತ್ತು ಗಂಟ್ಲಲ್ಲಿ ಇಳೀತಿರ್ಲಿಲ್ಲ. ನೀನು ಉಪವಾಸ ಅನ್ಕಂಡಿದ್ದೆ. ಹಚ್ಚು.”

ಹಚ್ಚಿದೆ. ಎಂಜಿನ್ನಿನ ನೆತ್ತಿಯಲ್ಲೊಂದು ಸಣ್ಣ ವಾಲ್ವ್ ಇದೆ. ಉಗಿ ಹೆಚ್ಚಾದರೆ ಅಲ್ಲಿಂದ ಸುಯ್ಯೆಂದು ಹೊರಗೆ ಬರುತ್ತದೆ. ಅದು ಸದ್ದು ಮಾಡದಿದ್ದರೆ ದೂರ ಸರಿಯಿರಿ ಎಂದು ಅಪ್ಪ ಪ್ರತಿ ಸಲ ಎಚ್ಚರಿಸುತ್ತಿದ್ದರು. ಅವತ್ತು ನೀರು ಗಳಗಳ ಕುದಿಯಿತು. ಚಕ್ರ ಅಲುಗಲಿಲ್ಲ. ವಾಲ್ವ್ ಸದ್ದು ಮಾಡಲಿಲ್ಲ. ಎಂಜಿನ್ನಿನ ಬೆಸುಗೆಯಲ್ಲಿ ಹನಿಗಳು ಮೂಡಿ ಅಲ್ಲೇ ಆರಿಹೋಗುತ್ತಿದ್ದವು. ದೀಪವನ್ನು ಹೊರಗೆಳೆಯಬೇಕೆಂದು ಗೊತ್ತಿತ್ತು, ಕಾಲು ಮಾತ್ರ ಏಳಲಿಲ್ಲ.

ಅಮ್ಮ ಒಲೆಯ ಇಕ್ಕಳ ಹಿಡಿದು ಬಗ್ಗಿದಳು.

“ಅಮ್ಮಾ, ಬ್ಯಾಡ!”

ಎಳೆದೇಬಿಟ್ಟಳು. ದೀಪ ಮಗುಚಿ ಸ್ಪಿರಿಟ್ ಚಪ್ಪಡಿಯ ಮೇಲೆ ಹರಿಯಿತು. ಉರಿಬಿಸಿಲಿನಲ್ಲಿ ಸ್ಪಿರಿಟ್ಟಿನ ಬೆಂಕಿ ಕಣ್ಣಿಗೆ ಕಾಣುವುದಿಲ್ಲ. ಕಲ್ಲಿನ ಮೇಲೆ ಗಾಳಿ ನಡುಗಿದಂತಿತ್ತು, ಅಷ್ಟೆ. ಆಮೇಲೆ ಅಮ್ಮನ ಸೀರೆಯ ಅಂಚು ತಾನೇ ತಾನಾಗಿ ಕಂದುತ್ತಾ ಮುದುಡಿಕೊಳ್ಳುವುದು ಕಂಡಿತು. ಬಾಗಿಲ ಬಳಿಯಿದ್ದ ಒದ್ದೆ ಗೋಣಿಚೀಲ ಎಳೆದು ಅವಳ ಕಾಲಿನ ಮೇಲೆ ಬಿದ್ದೆ. ಎಲ್ಲಿ ಬೆಂಕಿ ಇದೆ, ಎಲ್ಲಿ ಇಲ್ಲ ಎಂದು ತಿಳಿಯದೆ ಸಿಕ್ಕಲ್ಲೆಲ್ಲ ಒತ್ತಿದೆ. ಆಮೇಲೆ ಇಬ್ಬರೂ ಒಳಗೋಡಿ ಗೋಡೆಯ ಹಿಂದೆ ಕೂತೆವು. ಹೊರಗೆ ಎಂಜಿನ್ ಟಕ್ ಟಕ್ ಎನ್ನುತ್ತಿತ್ತು. ಆರುತ್ತಿದೆಯೋ, ಸಿಡಿಯುತ್ತದೋ ಗೊತ್ತಾಗಲಿಲ್ಲ. ಅಮ್ಮನ ಪಾದದ ಮೇಲೆ ಬೊಬ್ಬೆ ಎದ್ದಿತ್ತು.

“ಮುಗೀತು. ಇನ್ನು ಇದನ್ನ ಮುಟ್ಟಲ್ಲ” ಎಂದೆ.

“ವಾಲ್ವ್ ಕಟ್ಕಂಡದೆ. ಅದಕ್ಕೆ ರೈಲೇನು ಮಾಡ್ತದೆ?” ಎಂದಳು, ಬೊಬ್ಬೆಗೆ ಎಣ್ಣೆ ಸವರಿಕೊಳ್ಳುತ್ತಾ.

ಮತ್ತೆ ತರೀಕೆರೆಗೆ ಹೊರಟಾಗ, ರಿಪೇರಿ ಮಾಡಿಸಲೇಬೇಕೆಂಬ ಅಮ್ಮನ ಹಟಕ್ಕೆ, ಎಂಜಿನ್ನನ್ನು ಟವೆಲಿನಲ್ಲಿ ಸುತ್ತಿ ತಂದೆ. ನೀರಿಲ್ಲ, ಬೆಂಕಿಯಿಲ್ಲ. ಆದರೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳಲಾಗದೆ ಕಾಲ ಬಳಿ ಇಟ್ಟೆ. ಲೇತ್ ಅಂಗಡಿಯವನು ಚಕ್ರಕ್ಕೆ ಉಗಿ ಹೋಗುವ ಕಟ್ಟಿಕೊಂಡ ಕೊಳವೆ ಬಿಡಿಸಿ, ಹೊಸ ವಾಲ್ವ್ ಕೂರಿಸಿ, “ಬಾಯ್ಲರ್ ಹಳೇದು ಮೇಡಂ, ಗ್ಯಾರಂಟಿ ಹೇಳಕಾಗಲ್ಲ” ಎಂದ. ಆ ಮಾತನ್ನು ಅಮ್ಮನಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು, ಮನಸ್ಸು ಬದಲಿಸಲಿಲ್ಲ.

ಈ ವರ್ಷ ಮತ್ತೆ ಹಚ್ಚಿದೆ. ಅಮ್ಮ ಮರಳಿನ ಬಕೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ವಾಲ್ವ್ ಸುಯ್ಯೆಂದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಎಂಜಿನ್ ಒಮ್ಮೆ ಮುಗ್ಗರಿಸಿ ಹೊರಟಿತು, ತುಳಸಿಕಟ್ಟೆ ಬಳಸಿ ಬಂತು, ಮತ್ತೆ ಬಳಸಿತು.

“ಇನ್ನೂ ನೀರದೆ, ಇನ್ನೊಂದ್ಸುತ್ತು ಬಿಡೇ!” ಅಮ್ಮ ನಗುತ್ತಿದ್ದಳು.

ನಾನು ದೀಪ ಆರಿಸಿಬಿಟ್ಟೆ.